ಆಡಿದ ಮಾತು, ತಾಗಿದ ಮಾತು

ಮನೆಯಿಂದ ಹೊರಡುವಾಗ ನಮ್ಮ ಹಿರಿಯರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಬಳೆ ಒಡೆದರೆ ‘ಹೆಚ್ಚಾಯಿತು’ ಎನ್ನುತ್ತಾರೆ. ಡಬ್ಬಿಯಲ್ಲಿ ಅಕ್ಕಿ ಮುಗಿದರೆ ‘ತುಂಬಿದೆ’ ಎನ್ನುವ ತಾಯಂದಿರಿದ್ದಾರೆ. ನಿಘಂಟು ಹಿಡಿದು ಕುಳಿತವನಿಗೆ ಇವೆಲ್ಲ ಸುಳ್ಳಾಗಿ ಕಾಣಬಹುದು. ಆದರೆ ಕೇಳಿದವರಾರೂ ಮೋಸ ಹೋಗುವುದಿಲ್ಲ. ಅಶುಭದ ನುಡಿ ನಾಲಗೆಯ ಮೇಲೆ ಬರಬಾರದೆಂಬ ಹಿರಿಯರ ಮನಸ್ಸು ಎಲ್ಲರಿಗೂ ತಿಳಿಯುತ್ತದೆ. ಹಾಗಾದರೆ ಮಾತಿನ ಅರ್ಥವಿರುವುದು ಶಬ್ದದಲ್ಲಿಯೋ, ಆಡುವವನ ಮನಸ್ಸಿನಲ್ಲಿಯೋ, ಕೇಳುವವನ ಹೃದಯದಲ್ಲಿಯೋ?

ಈ ಪ್ರಶ್ನೆ ಹೊಸದಲ್ಲ. ಸಂಸ್ಕೃತದಲ್ಲಿ ಸೈಂಧವ ಎಂಬ ಶಬ್ದಕ್ಕೆ ಉಪ್ಪು ಎಂದೂ ಅರ್ಥ, ಕುದುರೆ ಎಂದೂ ಅರ್ಥ. ಊಟಕ್ಕೆ ಕುಳಿತ ಯಜಮಾನ ಸೈಂಧವ ತರಲು ಹೇಳಿದರೆ ಸೇವಕ ಉಪ್ಪು ತರಬೇಕು. ಪ್ರಯಾಣಕ್ಕೆ ನಿಂತು ಹೇಳಿದರೆ ಕುದುರೆ ತರಬೇಕು. ಶಬ್ದ ಒಂದೇ, ತಾತ್ಪರ್ಯ ಬೇರೆ. ಪಾಠಶಾಲೆಯಲ್ಲಿ ನಾವು ಮೊದಲು ಕಲಿತ ದೃಷ್ಟಾಂತಗಳಲ್ಲಿ ಇದೂ ಒಂದು.

ಶಬ್ದಕ್ಕೆ ಮೂರು ಶಕ್ತಿಗಳೆಂದು ನಮ್ಮ ಆಲಂಕಾರಿಕರು ಹೇಳಿದರು. ನೇರವಾದ ಅರ್ಥವನ್ನು ಕೊಡುವುದು ಅಭಿಧಾ. ‘ಊರೆಲ್ಲ ಜಾತ್ರೆಗೆ ಹೋಗಿದೆ’ ಎಂದಾಗ ಊರು ನಡೆದು ಹೋಗುವುದಿಲ್ಲ, ಊರಿನ ಜನ ಹೋಗಿದ್ದಾರೆ, ಇದು ಲಕ್ಷಣಾ. ಮೂರನೆಯದು ವ್ಯಂಜನಾ. ‘ಮೋಡ ಕವಿಯಿತು’ ಎಂದು ಕಣದಲ್ಲಿ ನಿಂತ ರೈತ ಹೇಳಿದರೆ ‘ರಾಶಿ ಮುಚ್ಚಿರಿ’ ಎಂದರ್ಥ. ಅದನ್ನೇ ಮನೆಯ ತಾಯಿ ಹೇಳಿದರೆ ‘ಒಣಗಿದ ಬಟ್ಟೆ ತನ್ನಿ’ ಎಂದರ್ಥ. ಹೊರಟು ನಿಂತ ನೆಂಟನಿಗೆ ಹೇಳಿದರೆ ‘ಇಂದು ಇದ್ದು ಹೋಗಿ’ ಎಂಬ ಪ್ರೀತಿ. 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಪ್ರತಿಪಾದಿಸಿದ್ದು ಹೀಗೆ ಹೇಳದೆಯೇ ಹೊಳೆಯುವ ಧ್ವನಿಯನ್ನೇ.

ಶಾಸ್ತ್ರವನ್ನು ಓದಿದ ಮಾತ್ರಕ್ಕೆ ನಾಲಗೆ ಹತೋಟಿಗೆ ಬರುವುದಿಲ್ಲ. ಇದಕ್ಕೆ ನಾವೇ ಸಾಕ್ಷಿ.

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಆಗ ನಾವಿನ್ನೂ ಪಟ್ಟಕ್ಕೆ ಬಂದ ಹೊಸತು. ಒಂದು ರಾತ್ರಿ ದಾಸೋಹದ ಪಂಕ್ತಿಯನ್ನು ನೋಡುತ್ತ ನಡೆಯುತ್ತಿದ್ದೆವು. ಪ್ರಸಾದ ನಿಲಯದ ಹುಡುಗನೊಬ್ಬ ಮೂರನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ. ‘ಏನಪ್ಪಾ, ಮನೆಯಲ್ಲಿ ನಿನಗೆ ಊಟ ಹಾಕುವವರು ಯಾರೂ ಇಲ್ಲವೇ?’ ಎಂದು ನಗುತ್ತ ಕೇಳಿದೆವು. ಪಂಕ್ತಿಯೆಲ್ಲ ನಕ್ಕಿತು. ಹುಡುಗ ತಲೆ ತಗ್ಗಿಸಿ ಎಲೆ ಬಿಟ್ಟು ಎದ್ದುಹೋದ. ಮರುದಿನ ಊಟಕ್ಕೆ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಅಡುಗೆಯ ಹಿರಿಯರು ಬಂದು ಕೈಮುಗಿದು, ‘ಬುದ್ಧೀ, ಆ ಮಗುವಿನ ತಾಯಿ ತೀರಿಕೊಂಡು ಎರಡು ತಿಂಗಳಾಯಿತು’ ಎಂದರು.

ನಮ್ಮ ಮಾತಿನಲ್ಲಿ ಒಂದೂ ಕೆಟ್ಟ ಶಬ್ದವಿರಲಿಲ್ಲ. ಉದ್ದೇಶ ಸಲಿಗೆಯದಾಗಿತ್ತು. ಆದರೆ ಅದು ಮುಟ್ಟಿದ್ದು ಹಸಿ ಗಾಯವನ್ನು. ಆ ರಾತ್ರಿ ಹುಡುಗನನ್ನು ಕರೆಸಿ, ಪಂಕ್ತಿಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು, ಅಂದು ನಕ್ಕವರೆಲ್ಲರ ಎದುರಿಗೇ ‘ತಪ್ಪು ನಮ್ಮದಪ್ಪಾ’ ಎಂದು ಹೇಳಿ ಜೊತೆಯಲ್ಲಿ ಪ್ರಸಾದ ಸ್ವೀಕರಿಸಿದೆವು. ಅವನು ಉಂಡ. ಆದರೆ ಓದು ಮುಗಿಸಿ ಹೋಗುವವರೆಗೂ ಅವನು ಎರಡನೆಯ ಸಲ ಅನ್ನ ಹಾಕಿಸಿಕೊಂಡದ್ದನ್ನು ನಾವು ನೋಡಲಿಲ್ಲ. ಕ್ಷಮೆ ಕೇಳಬಹುದು, ಕ್ಷಮೆ ದೊರೆಯಲೂಬಹುದು. ಆಡಿದ ಮಾತನ್ನು ಮಾತ್ರ ಮರಳಿ ಬಾಯೊಳಗೆ ಇಟ್ಟುಕೊಳ್ಳಲಾಗದು.

ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಜೆ.ಎಲ್. ಆಸ್ಟಿನ್ 1955ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯವಾಗಿ ಉಪನ್ಯಾಸಗಳನ್ನು ನೀಡಿದರು. ಅವರ ನಿಧನಾನಂತರ 1962ರಲ್ಲಿ ಅವು ಪುಸ್ತಕವಾಗಿ ಬಂದವು. ಮಾತನಾಡುವುದು ಬರೀ ಸುದ್ದಿ ಹೇಳುವುದಲ್ಲ, ಅದೂ ಒಂದು ಕ್ರಿಯೆ ಎಂಬುದು ಅವರ ಸಿದ್ಧಾಂತ. ಒಂದೇ ಮಾತಿನಲ್ಲಿ ಹೇಳಿದ ಅರ್ಥ, ಹೇಳುವುದರ ಮೂಲಕ ಮಾಡಿದ ಕಾರ್ಯ, ಕೇಳಿದವನಲ್ಲಿ ಆದ ಪರಿಣಾಮ ಎಂದು ಮೂರನ್ನು ಅವರು ಬಿಡಿಸಿ ತೋರಿಸಿದರು. ಮೊದಲಿನದು ಬಾಯಿಗೆ ಸೇರಿದ್ದು, ಕೊನೆಯದು ಕಿವಿಗೆ ಸೇರಿದ್ದು. ನಮ್ಮ ಹಿಡಿತ ಬಾಯಿಯ ಮೇಲೆ ಮಾತ್ರ.

ಮಾತು ಕ್ರಿಯೆಯೆಂಬುದನ್ನು ಕನ್ನಡದ ಜನ ಬಲ್ಲರು. ನಾವು ಮಾತನ್ನು ‘ಕೊಡುತ್ತೇವೆ’, ‘ಉಳಿಸಿಕೊಳ್ಳುತ್ತೇವೆ’, ‘ತಪ್ಪುತ್ತೇವೆ’. ವಚನವೆಂದರೆ ನುಡಿ; ವಚನವೆಂದರೆ ವಾಗ್ದಾನವೂ ಹೌದು. 12ನೆಯ ಶತಮಾನದ ಶರಣರು ತಮ್ಮ ಅನುಭವವನ್ನು ಆಡುನುಡಿಯಲ್ಲಿ ಹೇಳಿದರು. ಅದಕ್ಕೆ ವಚನವೆಂದೇ ಹೆಸರು ನಿಂತಿತು. ನುಡಿದವನು ನುಡಿಗೆ ಹೊಣೆಗಾರ ಎಂಬ ಧ್ವನಿ ಆ ಹೆಸರಿನಲ್ಲಿಯೇ ಇದೆ.

ಇಂದು ಮೊಬೈಲಿನಲ್ಲಿ ಎರಡಕ್ಷರ ಒತ್ತಿ ಕಳಿಸುತ್ತೇವೆ. ‘ಆಯ್ತು’ ಎಂದು ಬರೆದದ್ದು ಒಪ್ಪಿಗೆಯೋ, ಬೇಸರವೋ, ಕೋಪವೋ ಓದುವವರಿಗೆ ತಿಳಿಯದು. ಧ್ವನಿಯ ಏರಿಳಿತವಿಲ್ಲ, ಕಣ್ಣಿನ ಆರ್ದ್ರತೆಯಿಲ್ಲ. ಅಣ್ಣ ತಮ್ಮಂದಿರ ಮುನಿಸು ಇಂಥ ಒಂದು ಶಬ್ದದಿಂದ ಬೆಳೆದುಬಿಡಬಹುದು. ಆದ್ದರಿಂದ ಮನಸ್ಸಿಗೆ ಸಂಬಂಧಿಸಿದ ಮಾತನ್ನು ಎದುರು ಕುಳಿತು ಆಡಿರಿ. ದೂರದಲ್ಲಿದ್ದರೆ ಧ್ವನಿಯಾದರೂ ಕೇಳಿಸಲಿ.

‘ನಾನು ಹೇಳಿದ್ದು ಹಾಗಲ್ಲ’ ಎಂದು ವಾದಿಸುವ ಮೊದಲು ‘ನಿನಗೆ ಹೇಗೆ ಕೇಳಿಸಿತು?’ ಎಂದು ಕೇಳಿರಿ. ಈಗಲೂ ಪಂಕ್ತಿಯಲ್ಲಿ ನಡೆಯುವಾಗ ನಾವು ಮಕ್ಕಳನ್ನು ಏನನ್ನೂ ಪ್ರಶ್ನಿಸುವುದಿಲ್ಲ. ಬಡಿಸುವವರಿಗೆ ‘ಇನ್ನೊಂದಿಷ್ಟು ಹಾಕಿ’ ಎಂದಷ್ಟೇ ಹೇಳುತ್ತೇವೆ.