ಸಲಹೆಗಾರನಿಗೆ ಸಂಬಳ ಕೊಡುವವರು ಯಾರು?



ಕಾಫಿ ಕೊಯ್ಲು ಮುಗಿದು, ಅಡಿಕೆ ಮಂಡಿ ಸೇರಿ, ಹಣ ಖಾತೆಗೆ ಬೀಳುವ ಕಾಲಕ್ಕೆ ಸರಿಯಾಗಿ ನಮ್ಮ ಅಂಗಳಕ್ಕೆ ಕೆಲವು ಅತಿಥಿಗಳು ಬರುವುದುಂಟು. 2024ರಲ್ಲಿ ಕಾಫಿಯ ಧಾರಣೆ ಏರಿದ ಮೇಲೆ ಇವರ ಓಡಾಟವೂ ಹೆಚ್ಚಿದೆ. ತಮ್ಮನ್ನು 'ಹಣಕಾಸು ಸಲಹೆಗಾರ'ರೆಂದು ಪರಿಚಯಿಸಿಕೊಳ್ಳುವ ಇವರಲ್ಲಿ ಸಜ್ಜನರೂ ಇದ್ದಾರೆ. ಆದರೆ ಸಲಹೆ ಕೊಡುವವರು ಯಾರು, ಮಾರಲು ಬಂದವರು ಯಾರು ಎಂದು ತಿಳಿಯದೆ ರುಜು ಹಾಕಿದರೆ ಏನಾಗುತ್ತದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದರಲ್ಲಿ ನಮ್ಮ ತಪ್ಪೂ ಇದೆಯೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

2019ರ ಆರಂಭದಲ್ಲಿ ಒಬ್ಬ ವಿಮಾ ಏಜೆಂಟರಿಗೆ ಸಂಘದ ಜಗುಲಿಯಲ್ಲಿ ಮೇಜು ಕುರ್ಚಿ ಹಾಕಿಸಿಕೊಟ್ಟವರು ನಾವೇ. ಎರಡೆಕರೆ ತೋಟದ ಸದಸ್ಯರೊಬ್ಬರು ಅಡಿಕೆ ಮಾರಿದ ಹಣದಲ್ಲಿ ವರ್ಷಕ್ಕೆ 40,000 ರೂಪಾಯಿ ಕಂತಿನ ಪಾಲಿಸಿ ಮಾಡಿಸಿದರು. ಅವರ ಬೆಳೆಸಾಲ ಬಾಕಿಯಿತ್ತು, ಮಗಳ ಮದುವೆ ಮುಂದಿತ್ತು. ಇದನ್ನು ಏಜೆಂಟರು ಕೇಳಲಿಲ್ಲ. ತಿಳಿದಿದ್ದ ನಾವೂ ಹೇಳಲಿಲ್ಲ. ಆ ವರ್ಷದ ಆಗಸ್ಟ್ ಮಳೆಯಲ್ಲಿ ತೋಟಕ್ಕೆ ಕೊಳೆರೋಗ ಬಡಿಯಿತು. ಎರಡನೆಯ ಕಂತು ಕಟ್ಟಲಾಗಲಿಲ್ಲ. ಅಂದಿನ ಕರಾರಿನಂತೆ ಒಂದೇ ಕಂತಿಗೆ ಬಿಡಿಗಾಸೂ ಹಿಂದಿರುಗಲಿಲ್ಲ. "ಅಲ್ಲ ಸೆಕ್ರೆಟರಿಗಳೇ, ಸಂಘದ ಜಗುಲಿಯಲ್ಲೇ ಕೂತಿದ್ದರಲ್ಲ, ಹಾಗಾಗಿ ನಂಬಿದೆ" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಏಜೆಂಟರು ಕಾನೂನು ಮೀರಿದರೆಂದಲ್ಲ. ಅವರ ಸಂಪಾದನೆ ಕಮಿಷನ್. "ಈಗ ಬೇಡ, ಮೊದಲು ಸಾಲ ತೀರಿಸಿ" ಎಂಬ ಒಳ್ಳೆಯ ಸಲಹೆಗೆ ಅವರಿಗೆ ಏನೂ ಸಿಗದು. ಔಷಧಿ ಎಷ್ಟು ಸಲ ಹೊಡೆಯಬೇಕೆಂದು ಮೈಲುತುತ್ತು ಮಾರುವವನನ್ನೇ ಕೇಳಿದಂತಾಯಿತು.

ಈ ಭೇದವನ್ನು ಕಾನೂನೂ ಗುರುತಿಸಿದೆ. ಸೆಬಿಯ 2013ರ ಹೂಡಿಕೆ ಸಲಹೆಗಾರರ ನಿಯಮಾವಳಿಯಂತೆ ನೋಂದಾಯಿತ ಸಲಹೆಗಾರರು ಗಿರಾಕಿಯ ಹಿತವನ್ನೇ ಮುಂದಿಡತಕ್ಕದ್ದು. ಅವರ ವಯಸ್ಸು, ಆದಾಯ, ಸಾಲ, ನಷ್ಟ ತಾಳುವ ಶಕ್ತಿ ಇವನ್ನು ತಿಳಿದ ಮೇಲೆಯೇ ಸಲಹೆ ಕೊಡತಕ್ಕದ್ದು. ತಮ್ಮ ಸ್ವಂತ ಲಾಭದ ಸಂಬಂಧವೇನಾದರೂ ಇದ್ದರೆ ಬಿಚ್ಚಿ ಹೇಳತಕ್ಕದ್ದು. 2020ರ ತಿದ್ದುಪಡಿಯಂತೆ ಒಬ್ಬನೇ ಗಿರಾಕಿಯ ವಿಷಯದಲ್ಲಿ ಸಲಹೆಯ ಶುಲ್ಕವನ್ನೂ ಮಾರಾಟದ ಕಮಿಷನ್ನನ್ನೂ ಪಡೆಯುವಂತಿಲ್ಲ. ವಿಮಾ ಏಜೆಂಟರು, ಮ್ಯೂಚುವಲ್ ಫಂಡ್ ವಿತರಕರು ಮಾರಾಟದವರು. ಅದು ತಪ್ಪಲ್ಲ, ಹಾಗೆಂದು ಹೇಳಿಕೊಳ್ಳದಿರುವುದು ತಪ್ಪು.

ಆದುದರಿಂದ ಮನೆಗೆ ಬಂದವರಿಗೆ ಕಾಫಿ ಕೊಟ್ಟು ಈ ಮೂರು ಪ್ರಶ್ನೆ ಕೇಳಿರಿ:

1. ಈ ವ್ಯವಹಾರದಿಂದ ನಿಮಗೆ ಎಷ್ಟು ಬರುತ್ತದೆ, ಯಾರಿಂದ ಬರುತ್ತದೆ?

2. ನಿಮ್ಮ ನೋಂದಣಿ ಸಂಖ್ಯೆ ಏನು? ಸಲಹೆಗಾರರದಾದರೆ ಸೆಬಿಯ ಜಾಲತಾಣದಲ್ಲಿ ತಾಳೆ ನೋಡಬಹುದು. ನಮ್ಮ ಗುಮಾಸ್ತರು ನೋಡಿಕೊಡುತ್ತಾರೆ.

3. ಬರುವ ವರ್ಷ ಬೆಳೆ ಕೈಕೊಟ್ಟು ಕಂತು ನಿಂತರೆ ಎಷ್ಟು ವಾಪಸು ಬರುತ್ತದೆ? ಬರೆದು ಕೊಡುವಿರಾ?

ಅಡಿಕೆಯ ಪಟ್ಟಿಯಲ್ಲಿ ತೂಕ, ದರ, ಕಡಿತ ಎಲ್ಲವನ್ನೂ ಸಾಲುಸಾಲಾಗಿ ನೋಡುವ ನಾವು ಇಲ್ಲಿ ಸಂಕೋಚಪಡಬೇಕಾಗಿಲ್ಲ. ಹಣವನ್ನು ವ್ಯಕ್ತಿಯ ಕೈಗೆ ಕೊಡದೆ ಕಂಪನಿಯ ಹೆಸರಿಗೇ ಸಂದಾಯ ಮಾಡಿರಿ. 2024ರ ನಿಯಮದಂತೆ, ಜೀವವಿಮೆಯ ಪತ್ರ ಕೈಸೇರಿದ 30 ದಿನಗಳೊಳಗೆ ಬೇಡವೆಂದು ಹಿಂದಿರುಗಿಸಿದರೆ ಅಲ್ಪ ಕಡಿತದೊಂದಿಗೆ ಹಣ ವಾಪಸು ಸಿಗುತ್ತದೆ. ದೂರಿದ್ದರೆ ಮೊದಲು ಕಂಪನಿಗೆ ಬರೆಯಿರಿ. ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿಯಿದೆ, ಶುಲ್ಕವಿಲ್ಲ.

ಪರರಿಗೆ ಹೇಳಿದ ಬುದ್ಧಿ ನಮಗೂ ಸಲ್ಲಬೇಕಷ್ಟೆ. ಸಂಘದ ಠೇವಣಿ ಬ್ಯಾಂಕಿನಷ್ಟೇ ಭದ್ರವೆಂದು ನಾವೂ ಹೇಳುತ್ತಾ ಬಂದಿದ್ದೆವು. ಬ್ಯಾಂಕಿನಲ್ಲಿಟ್ಟ ಠೇವಣಿಗೆ 2020ರ ಫೆಬ್ರವರಿಯಿಂದ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆಯಿದೆ; ನಮ್ಮಂಥ ಪ್ರಾಥಮಿಕ ಸಹಕಾರ ಸಂಘಗಳ ಠೇವಣಿಗೆ ಆ ರಕ್ಷೆಯಿಲ್ಲ. ಇನ್ನು ಮುಂದೆ ರಸೀದಿ ಬರೆಯುವ ಮೊದಲೇ ಇದನ್ನು ತಿಳಿಸುತ್ತೇವೆ. ಠೇವಣಿ ಸ್ವಲ್ಪ ಕಡಿಮೆಯಾದರೂ ಆಗಲಿ.

ಜಗುಲಿಯ ಮೇಜನ್ನು ತೆಗೆಸಿದ್ದೇವೆ. ರುಜು ಹಾಕುವ ಮೊದಲು ಕಾಗದವನ್ನು ಸಂಘಕ್ಕೆ ತನ್ನಿರಿ. ಕೂತು ಓದಿ ಅರ್ಥ ಹೇಳುತ್ತೇವೆ, ತೀರ್ಮಾನ ನಿಮ್ಮದು. ಓದಿ ಹೇಳುವುದಕ್ಕೆ ನಮಗೆ ಯಾರೂ ಕಮಿಷನ್ ಕೊಡುವುದಿಲ್ಲ.

— ಕಾರ್ಯದರ್ಶಿ