ಜಾಲತಾಣದ ಚೌಕಟ್ಟುಗಳು: ಕಲಿಯಲಾಗದಷ್ಟು ಜಟಿಲವೆ?

ಪದವಿಯನ್ನು ಮುಗಿಸಿದ ಮಗನೋ ಮಗಳೋ ರಾತ್ರಿ ಹನ್ನೊಂದರವರೆಗೂ ಲ್ಯಾಪ್‌ಟಾಪಿನ ಮುಂದೆ ಕುಳಿತಿರುವುದು ಇಂದು ಬೆಂಗಳೂರಿನ ಅನೇಕ ಮನೆಗಳ ಸಾಮಾನ್ಯ ದೃಶ್ಯ. ಜಾಲತಾಣಗಳನ್ನು ನಿರ್ಮಿಸುವ ವಿದ್ಯೆಯ ತರಗತಿಗೆ ಶುಲ್ಕವನ್ನು ಕಟ್ಟಿಯಾಗಿದೆ. ಮೊದಲನೆಯ ಪಾಠದಲ್ಲಿಯೇ ಉಪಾಧ್ಯಾಯರು ಒಂದು ಸಾಲಿನ ಆಜ್ಞೆಯನ್ನು ಬರೆಯಿಸುತ್ತಾರೆ. ನೋಡುತ್ತಿರುವಂತೆಯೇ ಸಾವಿರಾರು ಕಡತಗಳು ಎಲ್ಲಿಂದಲೋ ಬಂದು ಯಂತ್ರದೊಳಗೆ ತುಂಬಿಕೊಳ್ಳುತ್ತವೆ. ಅವುಗಳಲ್ಲಿ ಒಂದನ್ನೂ ವಿದ್ಯಾರ್ಥಿ ಬರೆದಿಲ್ಲ. ಬಹುಪಾಲನ್ನು ಅವನು ಎಂದೂ ತೆರೆದು ನೋಡುವುದೂ ಇಲ್ಲ. ತಿಂಗಳು ಕಳೆಯುವುದರೊಳಗಾಗಿ, "ಇದು ನನ್ನ ತಲೆಗೆ ಹತ್ತುವ ವಿದ್ಯೆಯಲ್ಲ, ಅಪ್ಪಾ" ಎಂಬ ಮಾತು ಹೊರಡುತ್ತದೆ. ಕಟ್ಟಿದ ಹಣದ ಚಿಂತೆ ಒಂದು ಕಡೆ, ಮಗುವಿನ ಕುಗ್ಗಿದ ಮುಖ ಇನ್ನೊಂದು ಕಡೆ. ತಂದೆಗೆ ಏನು ಹೇಳಬೇಕೆಂದು ತೋಚುವುದಿಲ್ಲ. ದೋಷವಿರುವುದು ತಲೆಯಲ್ಲಿಯೋ, ವಿದ್ಯೆಯಲ್ಲಿಯೋ?

ಫ್ರೇಮ್‌ವರ್ಕ್ ಎಂದು ಈ ವಿದ್ಯೆಯಲ್ಲಿ ಕರೆಯುವುದು ಒಂದು ಸಿದ್ಧ ಚೌಕಟ್ಟನ್ನು. ಪ್ರತಿಯೊಂದು ಜಾಲತಾಣದಲ್ಲಿಯೂ ಮತ್ತೆ ಮತ್ತೆ ಮಾಡಬೇಕಾಗುವ ಕೆಲಸಗಳನ್ನು ಅನುಭವಿಗಳು ಮೊದಲೇ ಬರೆದಿಟ್ಟಿರುತ್ತಾರೆ. ಉಳಿದುದನ್ನು ತುಂಬುವುದಷ್ಟೇ ನಿರ್ಮಾಪಕನ ಪಾಲು. ರಿಯಾಕ್ಟ್, ಆಂಗ್ಯುಲರ್, ವ್ಯೂ, ಸ್ವೆಲ್ಟ್ ಎಂಬ ಹೆಸರುಗಳನ್ನು ಸಾಲಾಗಿ ಕೇಳಿದವರಿಗೆ ಔಷಧದ ಅಂಗಡಿಯ ಕಪಾಟು ನೆನಪಾದರೆ ಆಶ್ಚರ್ಯವಿಲ್ಲ.

ಮೂಲದಲ್ಲಿ ಈ ವಿದ್ಯೆ ಇಷ್ಟು ಭಾರವಾಗಿರಲಿಲ್ಲ. ಜಿನೀವಾದ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಾಲದ ಕಲ್ಪನೆಯನ್ನು ಮುಂದಿಟ್ಟರು. ಪುಟಗಳನ್ನು ಬರೆಯಲು 1991ರಲ್ಲಿ ಅವರು ವಿವರಿಸಿದ ಎಚ್‌ಟಿಎಂಎಲ್‌ನಲ್ಲಿ ಇದ್ದುದು 18 ಗುರುತುಗಳು ಮಾತ್ರ. ಪುಟಕ್ಕೆ ಚಲನೆಯನ್ನು ತಂದ ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪವನ್ನು ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ 1995ರಲ್ಲಿ ಹತ್ತು ದಿನಗಳಲ್ಲಿ ಸಿದ್ಧಪಡಿಸಿದರು. ಆ ಅವಸರದ ಕಲೆಗಳು ಭಾಷೆಯಲ್ಲಿ ಇಂದಿಗೂ ಅಳಿದಿಲ್ಲ. ಅಲಂಕಾರದ ನಿಯಮಗಳಾದ ಸಿಎಸ್‌ಎಸ್ 1996ರಲ್ಲಿ ಬಂದಿತು. ಜಾಲಪುಟವು ಓದುವ ಹಾಳೆಯಾಗಿದ್ದಷ್ಟು ಕಾಲ ಈ ಮೂರೇ ಸಾಕಾಗಿದ್ದವು.

ಅದೇ ಪುಟ ಅಂಗಡಿಯೂ ಬ್ಯಾಂಕಿನ ಕಿಟಕಿಯೂ ಆದಾಗ ತೊಡಕು ಪ್ರಾರಂಭವಾಯಿತು. ಮದುವೆಯ ಮನೆಯಲ್ಲಿ ಅತಿಥಿಗಳ ಸಂಖ್ಯೆ ಹಿಂದಿನ ಸಂಜೆ ಇನ್ನೂರರಿಂದ ಮುನ್ನೂರಕ್ಕೆ ಏರಿತೆನ್ನೋಣ. ಅಡಿಗೆಯವರಿಗೂ, ಬಾಳೆಯೆಲೆ ತರುವವರಿಗೂ, ತಾಂಬೂಲದ ಚೀಲ ತುಂಬುವವರಿಗೂ ಅದನ್ನು ತಿಳಿಸಬೇಕು. ಒಬ್ಬರಿಗೆ ಹೇಳಲು ಮರೆತರೂ ಮಾರನೆಯ ದಿನ ಪಂಕ್ತಿಯಲ್ಲಿ ಅದು ಬಯಲಾಗುತ್ತದೆ. ಜಾಲದ ಅಂಗಡಿಯಲ್ಲಿಯೂ ಹೀಗೆಯೇ. ಗಿರಾಕಿ ಒಂದು ಸೀರೆಯನ್ನು ಆರಿಸಿದೊಡನೆ ಪುಟದ ಮೇಲಿನ ಸಂಖ್ಯೆ, ನಡುವಿನ ಪಟ್ಟಿ, ಕೆಳಗಿನ ಮೊತ್ತ ಮೂರೂ ಬದಲಾಗಬೇಕು. ಸೀರೆಯನ್ನು ಹಿಂದಕ್ಕಿಟ್ಟರೆ ಮೂರೂ ಮತ್ತೆ ಇಳಿಯಬೇಕು. ಇಂಥ ನೂರು ಸಂದರ್ಭಗಳಲ್ಲಿ ಒಂದೊಂದನ್ನೂ ಕೈಯಿಂದ ತಿದ್ದುತ್ತ ಹೋದರೆ ಎಲ್ಲಿಯೋ ಒಂದು ಕಡೆ ಮರೆವು ಖಂಡಿತ.

ಫೇಸ್‌ಬುಕ್ ಸಂಸ್ಥೆ 2013ರಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟ ರಿಯಾಕ್ಟ್ ಈ ತೊಡಕಿಗೆ ಒಂದು ಒಪ್ಪಂದವನ್ನು ಸೂಚಿಸಿತು: ನಿಜವಾದ ಲೆಕ್ಕವನ್ನು ಒಂದೇ ಕಡೆ ಬರೆದಿಡಿ; ಲೆಕ್ಕ ಹೀಗಿದ್ದರೆ ಪರದೆ ಹೇಗಿರಬೇಕೆಂದು ಹೇಳಿ; ಲೆಕ್ಕ ಬದಲಾದಾಗ ಪರದೆಯನ್ನು ತಿದ್ದುವ ಹೊಣೆ ನನ್ನದು. ಅದರ ತಿರುಳು ಇಷ್ಟೇ. ತೆರೆಯ ಹಿಂದಿನ ಕೆಲಸಕ್ಕಾಗಿ ಹುಟ್ಟಿದ ಚೌಕಟ್ಟುಗಳ ಕಥೆಯೂ ಬೇರೆಯಲ್ಲ. 2005ರಲ್ಲಿ ಬಿಡುಗಡೆಯಾದ ಜಾಂಗೊ ಜನಿಸಿದುದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಒಂದು ಪತ್ರಿಕಾ ಸಂಸ್ಥೆಯಲ್ಲಿ. ಸುದ್ದಿಯ ಗಡುವಿಗೆ ತಕ್ಕಂತೆ ಹೊಸ ಪುಟಗಳನ್ನು ಗಂಟೆಗಳ ಲೆಕ್ಕದಲ್ಲಿ ಕಟ್ಟಿಕೊಡಬೇಕಾಗಿದ್ದ ಅಲ್ಲಿನ ತಂತ್ರಜ್ಞರು ಪದೇ ಪದೇ ಬರೆಯುತ್ತಿದ್ದುದನ್ನೆಲ್ಲ ಒಟ್ಟುಗೂಡಿಸಿಟ್ಟರು. ಅವರಿಗೆ ರೋಗ ಮೊದಲು ಬಂದಿತ್ತು, ಮದ್ದು ಆಮೇಲೆ. ತರಗತಿಯ ವಿದ್ಯಾರ್ಥಿಗೆ ಮಾತ್ರ ರೋಗದ ಪರಿಚಯವಿಲ್ಲದೆಯೇ ಮದ್ದನ್ನು ಕುಡಿಸಲಾಗುತ್ತಿದೆ. ಕಹಿಯ ಹೊರತು ಬೇರೇನು ಅವನಿಗೆ ತಿಳಿದೀತು?

ಹಾಗೆಂದು ದೂರೆಲ್ಲವೂ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಕಲಿತುದು ಕೈಯಲ್ಲಿ ನಿಲ್ಲುವುದಿಲ್ಲವೆಂಬ ಸಂಕಟ ನಿಜವಾದುದು. ಗೂಗಲ್ 2010ರಲ್ಲಿ ಹೊರತಂದ ಆಂಗ್ಯುಲರ್‌ಜೆಎಸ್‌ನಲ್ಲಿ ಪಳಗಿದವರು 2016ರಲ್ಲಿ ಬಂದ ಹೊಸ ಆಂಗ್ಯುಲರ್ ಅನ್ನು ಬಹುಮಟ್ಟಿಗೆ ಮೊದಲಿನಿಂದ ಅಭ್ಯಾಸ ಮಾಡಬೇಕಾಯಿತು. 2021ರ ಕೊನೆಗೆ ಹಳೆಯದಕ್ಕೆ ಬೆಂಬಲವೇ ನಿಂತಿತು. ರಿಯಾಕ್ಟ್‌ನಲ್ಲಿ 2019ರಲ್ಲಿ ಹುಕ್ಸ್ ಎಂಬ ಹೊಸ ಪದ್ಧತಿ ಕಾಲಿಟ್ಟಿತು. ಅಸಂಖ್ಯ ತರಗತಿಗಳ ಪ್ರಥಮ ಪಾಠವಾಗಿದ್ದ, 2016ರಲ್ಲಿ ಬಂದ ಕ್ರಿಯೇಟ್ ರಿಯಾಕ್ಟ್ ಆಪ್ ಎಂಬ ಉಪಕರಣವನ್ನು ಹೊಸ ಕೆಲಸಗಳಿಗೆ ಬಳಸಬಾರದೆಂದು ರಿಯಾಕ್ಟ್ ತಂಡವೇ 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಹಳೆಯ ಪುಸ್ತಕವನ್ನು ಕೊಂಡವನ ಪಾಡನ್ನು ಊಹಿಸಿಕೊಳ್ಳಬಹುದು.

ಸಾವಿರಾರು ಕಡತಗಳ ಮೇಲಿನ ಅವಲಂಬನೆಗೂ ಒಂದು ಪ್ರಸಿದ್ಧ ಉದಾಹರಣೆಯಿದೆ. 2016ರ ಮಾರ್ಚ್ ತಿಂಗಳಿನಲ್ಲಿ, ಬರಹದ ಎಡಕ್ಕೆ ಖಾಲಿ ಜಾಗ ತುಂಬುವ ಲೆಫ್ಟ್-ಪ್ಯಾಡ್ ಎಂಬ 11 ಸಾಲುಗಳ ತುಣುಕನ್ನು ಅದರ ಕರ್ತೃ ಸಾರ್ವಜನಿಕ ಭಂಡಾರದಿಂದ ಹಿಂತೆಗೆದುಕೊಂಡರು. ಅದರ ಹೆಸರನ್ನೇ ಕೇಳಿರದ ನಿರ್ಮಾಪಕರ ಕೆಲಸಗಳೂ ಲೋಕದ ಹಲವೆಡೆ ಒಮ್ಮೆಲೇ ನಿಂತುಹೋದವು. ಕೆಲವು ಗಂಟೆಗಳಲ್ಲಿ ಅದನ್ನು ಮರಳಿ ಸ್ಥಾಪಿಸಲಾಯಿತಾದರೂ, ಕಟ್ಟಡದ ಯಾವ ಇಟ್ಟಿಗೆ ಎಲ್ಲಿಯದೆಂದು ಕಟ್ಟಿದವರಿಗೇ ಗೊತ್ತಿರಲಿಲ್ಲವೆಂಬುದು ಅಂದು ಬಯಲಾಯಿತು.

ಇಷ್ಟೆಲ್ಲ ಬದಲಾವಣೆಗಳ ನಡುವೆ ಬುನಾದಿ ಮಾತ್ರ ಕದಲಿಲ್ಲ. ಸರ್ನ್ ಸಂಸ್ಥೆಯ ಮೊತ್ತಮೊದಲಿನ ಪುಟಗಳು ಇಂದಿನ ಬ್ರೌಸರಿನಲ್ಲಿಯೂ ಸರಾಗವಾಗಿ ತೆರೆಯುತ್ತವೆ. ಆದರೆ ನೌಕರಿಯ ಜಾಹೀರಾತುಗಳು ಕೇಳುವುದು ರಿಯಾಕ್ಟ್ ಅನ್ನು. ಆದುದರಿಂದ ಎಷ್ಟೋ ತರಗತಿಗಳು ಬುನಾದಿಗೆ ಒಂದು ವಾರವನ್ನು ಕೊಟ್ಟು ಚೌಕಟ್ಟಿಗೆ ನೆಗೆಯುತ್ತವೆ. ಸರಳೆ, ಜಂಟಿವರಸೆಗಳನ್ನು ಸಾಧಿಸದೆ ಪಲ್ಲವಿ ಹಾಡಲು ಕುಳಿತ ಶಿಷ್ಯನ ಸ್ವರ ತಪ್ಪಿದರೆ ಕಂಠವನ್ನು ದೂರುವುದು ನ್ಯಾಯವಲ್ಲ. ಈಗಂತೂ ಕೃತಕ ಬುದ್ಧಿಯ ಯಂತ್ರಗಳು ಕೇಳಿದ ಚೌಕಟ್ಟಿನಲ್ಲಿ ಪುಟವನ್ನು ಕ್ಷಣಾರ್ಧದಲ್ಲಿ ಬರೆದುಕೊಡುತ್ತವೆ. ಹಾಗೆ ಬರೆದುದು ತಪ್ಪಿದಾಗ ಎಲ್ಲಿ ತಪ್ಪಿತೆಂದು ಹುಡುಕಲು ಬೇಕಾಗುವುದೂ ಅದೇ ಜಾವಾಸ್ಕ್ರಿಪ್ಟಿನ ಅರಿವು. ವೈದ್ಯರ ಭೇಟಿಯ ವೇಳೆಯನ್ನೋ ಕಲ್ಯಾಣಮಂಟಪದ ವಿಳಾಸವನ್ನೋ ತಿಳಿಸುವ ನಾಲ್ಕು ಪುಟಗಳಿಗೆ ರಿಯಾಕ್ಟ್ ಏತಕ್ಕೆಂಬ ಪ್ರಶ್ನೆಯನ್ನು ಪಾಠಶಾಲೆಗಳಲ್ಲಿ ಕೇಳುವವರು ವಿರಳ.

ಶುಲ್ಕ ಕಟ್ಟಿ ಸೋತವರಿಗೆ ಒಂದು ಅಗ್ಗದ ಅಭ್ಯಾಸವುಂಟು. ಯಾವ ಚೌಕಟ್ಟೂ ಇಲ್ಲದೆ, ಬರಿಯ ಜಾವಾಸ್ಕ್ರಿಪ್ಟಿನಲ್ಲಿ ಆ ಸೀರೆಯಂಗಡಿಯ ಪುಟವನ್ನು ಬರೆಯುವುದು. ಸೇರಿಸುವ ಗುಂಡಿ, ತೆಗೆಯುವ ಗುಂಡಿ, ರಿಯಾಯಿತಿಯ ಗುಂಡಿ ಎಂದು ಹೆಚ್ಚಿಸುತ್ತ ಹೋದಂತೆ ಮೇಲಿನ ಸಂಖ್ಯೆಗೂ ಕೆಳಗಿನ ಮೊತ್ತಕ್ಕೂ ಹೊಂದಿಕೆ ತಪ್ಪುವ ಗಳಿಗೆ ಬಂದೇ ಬರುತ್ತದೆ. ಆ ತಪ್ಪನ್ನು ಒಂದು ಸಂಜೆಯೆಲ್ಲ ಹುಡುಕಿದ ಬಳಿಕ ರಿಯಾಕ್ಟ್ ತಂಡದವರ ಪಾಠವನ್ನು ತೆರೆಯಬೇಕು. ಅಲ್ಲಿರುವುದು ಒಂಬತ್ತು ಮನೆಗಳ, ಸೊನ್ನೆ-ಕತ್ತರಿ ಗುರುತುಗಳ ಮಕ್ಕಳಾಟ. ಮೊದಲು ಪ್ರತಿಯೊಂದು ಮನೆಯೂ ತನ್ನ ಗುರುತನ್ನು ತಾನೇ ಇಟ್ಟುಕೊಂಡಿರುತ್ತದೆ. ಗೆದ್ದವರು ಯಾರೆಂದು ನೋಡಹೊರಟಾಗ ಒಂಬತ್ತರ ಲೆಕ್ಕವನ್ನೂ ಹಲಗೆಯ ವಶಕ್ಕೆ ಒಪ್ಪಿಸಲಾಗುತ್ತದೆ. ಹಾಗೇಕೆ ಮಾಡಿದರೆಂದು ಸೀರೆಯಂಗಡಿಯ ಲೆಕ್ಕದಲ್ಲಿ ಎಡವಿ ಬಂದವನಿಗೆ ಯಾರೂ ವಿವರಿಸಬೇಕಾಗಿಲ್ಲ.