ಸೈಕಲ್ ಸವಾರರ ಕೂಲಿಂಗ್ ಗ್ಲಾಸ್: ಅಂದಕ್ಕಿಂತ ಹೊಂದಿಕೆ ಮುಖ್ಯ

ಬಾಗಲಕೋಟೆ ಜಿಲ್ಲೆಗೂ ಸೈಕಲ್ಲಿಗೂ ಹಳೆಯ ನಂಟು. ಸೈಕ್ಲಿಂಗ್ ಸ್ಪರ್ಧೆಗಳಲ್ಲಿ ರಾಜ್ಯಕ್ಕೆ ಹೆಸರು ತಂದ ಅನೇಕರು ನಮ್ಮ ಜಿಲ್ಲೆಯ ಹಾಗೂ ಪಕ್ಕದ ವಿಜಯಪುರದ ಹಳ್ಳಿಗಳವರು. 2006-07ರಲ್ಲಿ ಸರಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ಹಳ್ಳಿಯ ಹೆಣ್ಣುಮಕ್ಕಳೂ ಹೈಸ್ಕೂಲಿಗೆ ಸೈಕಲ್ ತುಳಿದರು. ಈಗ ಆರೋಗ್ಯಕ್ಕೆಂದು ಬೆಳಗಿನ ಹೊತ್ತು ಸೈಕಲ್ ಹತ್ತುವವರೂ ಇದ್ದಾರೆ. ಸೈಕಲ್ಲಿನ ಗಾಳಿ, ಬ್ರೇಕು ಎಲ್ಲರೂ ನೋಡುತ್ತೇವೆ. ಕಣ್ಣಿನ ಬಗ್ಗೆ ಮಾತ್ರ ಯೋಚಿಸುವುದು ಕಡಿಮೆ.

ನಮ್ಮ ಭಾಗದ ರಸ್ತೆ ಕಣ್ಣಿಗೆ ಸುಲಭದ್ದಲ್ಲ. ಇಳಕಲ್ ಸುತ್ತ ಗ್ರಾನೈಟ್ ಕ್ವಾರಿಗಳ ಕಲ್ಲುಪುಡಿ, ಬಾದಾಮಿಯ ಕೆಂಪು ಮರಳುಗಲ್ಲಿನ ಧೂಳು, ಹುನಗುಂದ-ಇಳಕಲ್ ನಡುವಿನ ಹೆದ್ದಾರಿಯಲ್ಲಿ ಲಾರಿ ಎಬ್ಬಿಸುವ ಮಣ್ಣು, ಬಾಗಲಕೋಟೆ ಹಿನ್ನೀರಿನ ಮೇಲಿಂದ ಕಣ್ಣಿಗೆ ಹೊಡೆಯುವ ಬಿಸಿಲು. ಇವೆಲ್ಲ ದಿನವೂ ಸೇರಿದರೆ ಕಣ್ಣು ಕೆಂಪಗಾಗುವುದು, ನೀರು ಸುರಿಯುವುದು ಶುರುವಾಗುತ್ತದೆ. ವರ್ಷಗಟ್ಟಲೆ ಬಿಸಿಲು, ಗಾಳಿ, ಧೂಳಿಗೆ ಒಡ್ಡಿದ ಕಣ್ಣಿನಲ್ಲಿ ಮೂಗಿನ ಬದಿಯ ಬಿಳಿ ಭಾಗದಿಂದ ಕರಿಗುಡ್ಡೆಯ ಕಡೆಗೆ ತೆಳು ಮಾಂಸ ಬೆಳೆಯಬಹುದು. ಉಗುರಿನಂತೆ ಕಾಣುವುದರಿಂದ ಯುನಾನಿಯಲ್ಲಿ ಇದಕ್ಕೆ ನಾಖೂನಾ ಎನ್ನುತ್ತಾರೆ. ಬೆಳೆದ ಮಾಂಸ ಔಷಧದ ಹನಿಯಿಂದ ಕರಗುವುದಿಲ್ಲ. ಅದು ನೋಟಕ್ಕೆ ಅಡ್ಡ ಬಂದರೆ ಶಸ್ತ್ರಚಿಕಿತ್ಸೆಯೇ ಬೇಕು. ಆದ್ದರಿಂದ ತಡೆಯುವುದೇ ಜಾಣತನ. ಅದಕ್ಕೆ ಇರುವ ಸರಳ ಸಾಧನ ಮುಖಕ್ಕೆ ಸರಿಯಾಗಿ ಕೂರುವ ಕನ್ನಡಕ.

ಮುಖಕ್ಕೆ ಹೊಂದುವುದು ಎಂದರೇನು?

ಅಂಗಡಿಯಲ್ಲಿ ಕನ್ನಡಿ ಮುಂದೆ ನಿಂತು ‘ಚೆಂದ ಕಾಣುತ್ತದೆ’ ಎಂದರೆ ಸಾಲದು. ಕನ್ನಡಕ ಮುಖದ ಮೇಲೆ ಕೂರುವ ಜಾಗಗಳನ್ನು ಒಂದೊಂದಾಗಿ ಪರೀಕ್ಷಿಸಿ.

ಮೂಗು: ಮೂಗಿನ ದಿಂಡು ಚಪ್ಪಟೆಯಾಗಿದ್ದವರಿಗೆ ಕನ್ನಡಕ ಜಾರುತ್ತದೆ. ಬೆವರು ಬಂದರೆ ಇನ್ನೂ ಹೆಚ್ಚು. ಬೇಕಾದಂತೆ ಬಗ್ಗಿಸಬಹುದಾದ ರಬ್ಬರ್ ನೋಸ್ ಪ್ಯಾಡ್ ಇರುವುದನ್ನು ಕೇಳಿ. ಚೂಪು ಮೂಗಿನವರಿಗೆ ಪ್ಯಾಡ್ ಚುಚ್ಚಿ ಗುರುತು ಬೀಳಬಾರದು.

ಕೆನ್ನೆ: ದುಂಡು ಮುಖದವರು ಕನ್ನಡಕ ಹಾಕಿ ಜೋರಾಗಿ ನಗಬೇಕು. ಕೆನ್ನೆ ತಾಗಿ ಕನ್ನಡಕ ಮೇಲೇಳುತ್ತಿದ್ದರೆ ಅದು ನಿಮ್ಮದಲ್ಲ. ಕೆಳಭಾಗ ಚಿಕ್ಕದಾದದ್ದನ್ನು ಆರಿಸಿ.

ಕಣತಲೆ: ಅಗಲ ಮುಖಕ್ಕೆ ಕಿರಿದಾದ ಕನ್ನಡಕ ಹಾಕಿದರೆ ಕಡ್ಡಿಗಳು ಹೊರಕ್ಕೆ ಬಾಗಿ ಕಣತಲೆಯನ್ನು ಒತ್ತುತ್ತವೆ, ಅರ್ಧ ಗಂಟೆಗೆ ತಲೆನೋವು ಬರುತ್ತದೆ. ಕಿರಿದಾದ ಮುಖಕ್ಕೆ ಅಗಲದ್ದು ಹಾಕಿದರೆ ಪಕ್ಕದ ಸಂದಿನಿಂದ ಧೂಳು ನುಗ್ಗುತ್ತದೆ.

ರೆಪ್ಪೆ: ಕಣ್ಣು ಮಿಟುಕಿಸಿದಾಗ ರೆಪ್ಪೆಗೂದಲು ಗಾಜಿಗೆ ತಾಗಬಾರದು. ಹಾಗೆಂದು ಬೆರಳು ತೂರುವಷ್ಟು ಸಂದೂ ಇರಬಾರದು. ಸಣ್ಣ ಸಂದು ಇದ್ದರೆ ಗಾಳಿಯಾಡಿ ಮಂಜು ಹಿಡಿಯುವುದಿಲ್ಲ.

ಅನೇಕ ಕನ್ನಡಕಗಳ ಕಡ್ಡಿಯ ಒಳಬದಿ 54, 18, 140 ಎಂಬಂತೆ ಮೂರು ಸಂಖ್ಯೆಗಳಿರುತ್ತವೆ. ಮೊದಲನೆಯದು ಒಂದು ಗಾಜಿನ ಅಗಲ, ಎರಡನೆಯದು ಮೂಗಿನ ಮೇಲಿನ ಅಂತರ, ಮೂರನೆಯದು ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರ್‌ನಲ್ಲಿ. ನಿಮಗೆ ಹೊಂದಿದ ಕನ್ನಡಕದ ಸಂಖ್ಯೆ ಬರೆದಿಟ್ಟುಕೊಂಡರೆ ಮುಂದಿನ ಸಲ ಆಯ್ಕೆ ಸುಲಭ.

ಕೊನೆಯದಾಗಿ ಹ್ಯಾಂಡಲ್ ಹಿಡಿದವರಂತೆ ಮುಂದಕ್ಕೆ ಬಾಗಿ, ತಲೆ ಅಲ್ಲಾಡಿಸಿ, ಕಣ್ಣೆತ್ತಿ ದೂರ ನೋಡಿ. ಸೈಕಲ್ ಮೇಲೆ ನಾವು ಗಾಜಿನ ಮೇಲ್ಭಾಗದಿಂದ ರಸ್ತೆ ನೋಡುತ್ತೇವೆ. ಮೇಲಿನ ಅಂಚು ದಪ್ಪಗಿದ್ದರೆ ಎದುರಿನ ವಾಹನ ಮರೆಯಾಗುತ್ತದೆ. ಹೆಲ್ಮೆಟ್ ಇದ್ದರೆ ಅದನ್ನೂ ತೊಟ್ಟು ನೋಡಿ, ಕಡ್ಡಿ ಹೆಲ್ಮೆಟ್ ಪಟ್ಟಿಯ ಹೊರಗಿರಲಿ. ಹಿಜಾಬ್ ಧರಿಸುವ ಸಹೋದರಿಯರು ಮನೆಯಲ್ಲಿ ತೊಡುವ ಬಟ್ಟೆಯೊಂದಿಗೇ ಪರೀಕ್ಷಿಸಿ. ನೇರ ಕಡ್ಡಿಯದಾದರೆ ಬಟ್ಟೆಯ ಮೇಲಿಂದ ಸುಲಭವಾಗಿ ಜಾರಿಸಬಹುದು, ಕಿವಿಯ ಹಿಂದೆ ಒತ್ತುವುದೂ ಇಲ್ಲ.

ಗಾಜು ಎಂಥದ್ದಿರಲಿ?

ಕಪ್ಪು ಬಣ್ಣವೇ ರಕ್ಷಣೆಯಲ್ಲ. ನೇರಳಾತೀತ ಕಿರಣ ತಡೆಯದ ಬರೀ ಕಪ್ಪು ಗಾಜಿನ ಹಿಂದೆ ಕತ್ತಲೆಂದು ಕಣ್ಣಿನ ಪಾಪೆ ಹಿಗ್ಗುತ್ತದೆ, ಕಿರಣ ಇನ್ನಷ್ಟು ಒಳಹೋಗುತ್ತದೆ. ‘ಯುವಿ 400’ ಎಂದು ಬರೆದಿರುವುದನ್ನು ಕೊಳ್ಳಿ. ಸಂಶಯವಿದ್ದರೆ ಕನ್ನಡಕದ ಅಂಗಡಿಯಲ್ಲಿ ಯಂತ್ರವಿಟ್ಟು ನೋಡಿಸಿ. ಒಡೆದರೆ ಚೂರಾಗುವ ಗಾಜು ಬೇಡ, ಪಾಲಿಕಾರ್ಬೊನೇಟ್ ಲೆನ್ಸ್ ಇರಲಿ. ಅದು ಕಲ್ಲಿನ ಚೂರು ಬಡಿದರೂ ಸುಲಭಕ್ಕೆ ಒಡೆಯದು. ಹಗಲಿಗೆ ಮಧ್ಯಮ ಕಪ್ಪು ಸಾಕು. ಮುಸ್ಸಂಜೆಯ ನಂತರ ಬಣ್ಣವಿಲ್ಲದ ಲೆನ್ಸ್ ಹಾಕಿ. ಕತ್ತಲಲ್ಲಿ ಕಪ್ಪು ಕನ್ನಡಕ ಹಾಕಿ ಹೋಗುವುದು ಗುಂಡಿಗೆ ಬೀಳುವ ದಾರಿ. ಮಕ್ಕಳಿಗೆ ದೊಡ್ಡವರ ಕನ್ನಡಕ ಕೊಡಬೇಡಿ. ಅವರ ಕಣ್ಣಿನೊಳಗೆ ಕಿರಣ ಹೆಚ್ಚು ಇಳಿಯುತ್ತದೆ, ಜಾರುವ ಕನ್ನಡಕದಿಂದ ಪ್ರಯೋಜನವಿಲ್ಲ. ನಂಬರಿನ ಕನ್ನಡಕ ಇರುವವರು ಅದೇ ನಂಬರಿನಲ್ಲಿ ಬಣ್ಣದ ಲೆನ್ಸ್ ಹಾಕಿಸಿಕೊಳ್ಳಬಹುದು.

ಕಣ್ಣಿಗೆ ಕಸ ಬಿದ್ದರೆ

ಉಜ್ಜಬೇಡಿ. ಕುಡಿಯುವ ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಿರಿ. ಸೆರಗಿನ ತುದಿ, ನಾಲಿಗೆ ಯಾವುದನ್ನೂ ಹತ್ತಿರ ತರಬೇಡಿ. ಸುರ್ಮಾ ಹಚ್ಚಬೇಡಿ. ಅದು ಕಸ ತೆಗೆಯುವ ಔಷಧವಲ್ಲ, ಮಾರುಕಟ್ಟೆಯ ಎಷ್ಟೋ ಸುರ್ಮಾಗಳಲ್ಲಿ ಸೀಸವಿರುತ್ತದೆ. ತೊಳೆದರೂ ಚುಚ್ಚುವುದು ನಿಲ್ಲದಿದ್ದರೆ, ನೋಟ ಮಂಜಾದರೆ, ಕಲ್ಲಿನ ಇಲ್ಲವೇ ಲೋಹದ ಚೂರು ಹೊಡೆದಿದ್ದರೆ ಆ ದಿನವೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಕನ್ನಡಕ ತಂದ ಮೇಲೂ ಒಂದು ಕೆಲಸವಿದೆ. ಧೂಳು ಕುಳಿತ ಲೆನ್ಸನ್ನು ಅಂಗಿಯ ತುದಿಯಿಂದ ಒರೆಸಿದರೆ ಗೀರು ಬೀಳುತ್ತದೆ. ಮೊದಲು ನೀರಲ್ಲಿ ತೊಳೆದು, ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ, ಡಬ್ಬಿಯಲ್ಲಿಡಿ. ಸೈಕಲ್ ತೆಗೆಯುವಾಗ ಕೀಲಿಯ ಜತೆಗೇ ಆ ಡಬ್ಬಿಯೂ ಕೈಗೆ ಬರುವಂತಿರಲಿ.